ಹಲ್ಲು ಹೋದ ಗೇರು, ಬಾಯಿ ಕಟ್ಟಿದ ಜೆಟ್ಟು

ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತಿತ್ತು. ಪೆಟ್ರೋಲ್ ಬರುತ್ತಿತ್ತು. ಬ್ಯಾಟರಿ ಗಟ್ಟಿಯಾಗಿತ್ತು. ಪ್ಲಗ್‌ನಲ್ಲಿ ಮಾತ್ರ ಕಿಡಿ ಇಲ್ಲ. ಹಳೇ ಪೆಟ್ರೋಲ್ ಜೀಪ್ ಇಟ್ಟುಕೊಂಡವರು ಇಂಥ ಹೊತ್ತಿನಲ್ಲಿ ಮೊದಲು ಬೈಯುವುದು ಕಿಡಿ ಹುಟ್ಟಿಸುವ ಪಾಯಿಂಟ್‌ಗೆ, ಆಮೇಲೆ ಅದರ ಜೊತೆಗಾರ ಕಂಡೆನ್ಸರ್‌ಗೆ. ಬಣಕಲ್ ಹತ್ತಿರ ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿ ನಾನೂ ಅದನ್ನೇ ಮಾಡಿದೆ. ಪ್ಲಗ್‌ಗಳಿಗೆ ಸರದಿಯಲ್ಲಿ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದೆ. ಜೊತೆಗಿದ್ದ ಹುಡುಗನಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ನಿಧಾನಕ್ಕೆ ತಿರುಗಿಸು ಅಂದೆ. ಫ್ಯಾನ್ ತಿರುಗಿತು. ಡಿಸ್ಟ್ರಿಬ್ಯೂಟರ್ ಒಳಗೆ ತಿರುಗಬೇಕಾದ ರೋಟರ್ ಅಲ್ಲಾಡಲೇ ಇಲ್ಲ.

ಅಲ್ಲಿಗೆ ಪಾಯಿಂಟೂ ಕಂಡೆನ್ಸರೂ ಬಚಾವ್. ಈ ಇಂಜಿನ್ನಿನಲ್ಲಿ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಮೂತಿಯಲ್ಲೊಂದು ಸಣ್ಣ ಗೇರ್ ಇದೆ. ಅದು ವಾಲ್ವ್ ತೆರೆಸುವ ಕ್ಯಾಮ್ ಶಾಫ್ಟ್‌ನ ದೊಡ್ಡ ಗೇರನ್ನು ನೇರವಾಗಿ ತಿರುಗಿಸುತ್ತದೆ. ನಡುವೆ ಚೈನಿಲ್ಲ, ಬೆಲ್ಟಿಲ್ಲ. ಈ ಜೋಡಿಗೇ ಟೈಮಿಂಗ್ ಗೇರ್ ಅನ್ನುವುದು. ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಕ್ಯಾಮ್ ಒಂದು ಸುತ್ತು. ಕ್ಯಾಮ್ ಶಾಫ್ಟ್ ಆಯಿಲ್ ಪಂಪನ್ನು ತಿರುಗಿಸುತ್ತದೆ. ಆಯಿಲ್ ಪಂಪಿನ ಶಾಫ್ಟೇ ಡಿಸ್ಟ್ರಿಬ್ಯೂಟರನ್ನು ತಿರುಗಿಸುತ್ತದೆ. ಖಾತ್ರಿ ಮಾಡಿಕೊಳ್ಳಲು ರಾಕರ್ ಕವರ್ ಬಿಚ್ಚಿ ಇನ್ನೊಮ್ಮೆ ಹ್ಯಾಂಡಲ್ ಹೊಡೆಸಿದೆ. ವಾಲ್ವ್ ಒತ್ತುವ ರಾಕರ್‌ಗಳೂ ಗಪ್‌ಚಿಪ್. ಅಂದರೆ ಕ್ಯಾಮ್ ನಿಂತಿದೆ. ಕ್ಯಾಮ್ ನಿಂತರೆ ಆಯಿಲ್ ಪಂಪೂ ನಿಂತ ಹಾಗೆ. ಇನ್ನು ಸೆಲ್ಫ್ ಹೊಡೆಯುತ್ತಾ ಕೂತರೆ ಎಣ್ಣೆ ಇಲ್ಲದೆ ಬೇರಿಂಗ್ ತಿರುಗಿಸಿದಂತೆ. ಕೀ ತೆಗೆದು ಜೇಬಿಗೆ ಹಾಕಿಕೊಂಡು, ಪರಿಚಯದವರ ಪಿಕಪ್‌ಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಬಂದೆ.

ಗಾಡಿ ಮಹೀಂದ್ರಾದ ಸಿಜೆ 3ಬಿ. ನಮ್ಮ ಕಡೆ ಹೈ ಬಾನೆಟ್ ಅಂತಾರೆ. ನೋಂದಣಿ 1966ರದ್ದು, ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಅಂತಲೇ ಹೆಸರಿದ್ದ ಕಾಲ. ಬಾನೆಟ್ ಎತ್ತರವಾಗಿದ್ದಕ್ಕೆ ಕಾರಣವೇ ಈ ಇಂಜಿನ್. ಯುದ್ಧಕಾಲದ ಜೀಪಿನಲ್ಲಿದ್ದ ಗೋ ಡೆವಿಲ್ ಇಂಜಿನ್ನಿಗೆ ಎರಡೂ ಬಗೆಯ ವಾಲ್ವ್, ಅಂದರೆ ಗಾಳಿ-ಪೆಟ್ರೋಲ್ ಒಳಬಿಡುವ ಇನ್‌ಟೇಕ್, ಹೊಗೆ ಹೊರಬಿಡುವ ಎಕ್ಸಾಸ್ಟ್, ಬ್ಲಾಕ್‌ನಲ್ಲೇ ಇದ್ದವು. ಅದೇ ಬ್ಲಾಕ್ ಇಟ್ಟುಕೊಂಡು ಇನ್‌ಟೇಕ್ ವಾಲ್ವನ್ನು ಮಾತ್ರ ಮೇಲಕ್ಕೆ, ಹೆಡ್‌ಗೆ ಸಾಗಿಸಿ ಅಮೆರಿಕದ ವಿಲ್ಲೀಸ್ ಕಂಪನಿಯವರು ಹರಿಕೇನ್ ಇಂಜಿನ್ ಮಾಡಿದರು. ಎಕ್ಸಾಸ್ಟ್ ವಾಲ್ವ್ ಕೆಳಗೇ ಉಳಿಯಿತು. ಅಳತೆ ಅದೇ 134 ಘನ ಇಂಚು, ಅಂದರೆ 2.2 ಲೀಟರ್. ಶಕ್ತಿ ಮಾತ್ರ 60 ಕುದುರೆಯಿಂದ ಎಪ್ಪತ್ತರ ಮೇಲೆ ಹೋಯಿತು. ಇಂಜಿನ್ ಎತ್ತರ ಆಯಿತು, ಅದನ್ನು ಮುಚ್ಚಲು ಬಾನೆಟ್ಟೂ ಎತ್ತರ ಆಯಿತು. 1953ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಮಾದರಿ ಅಲ್ಲಿ 1968ಕ್ಕೆ ನಿಂತುಹೋಯಿತು. ಇಲ್ಲಿ ಮಹೀಂದ್ರಾದವರು ಆಮೇಲೂ ಬಹಳ ವರ್ಷ ಮಾಡುತ್ತಲೇ ಇದ್ದರು.

ಮೂಡಿಗೆರೆ, ಸಕಲೇಶಪುರದ ಕಡೆಯ ತೋಟಗಳಲ್ಲಿ ಇಂಥ ಜೀಪ್ ಇನ್ನೂ ಸಿಗುತ್ತವೆ. ಆದರೆ ಬಾನೆಟ್ ಎತ್ತಿದರೆ ಹೆಚ್ಚಿನವುಗಳಲ್ಲಿ ಡೀಸೆಲ್ ಇಂಜಿನ್ ಕೂತಿರುತ್ತದೆ. ಪೆಟ್ರೋಲ್ ದುಬಾರಿಯಾದಾಗ ಎಲ್ಲರೂ ಬದಲಿಸಿಕೊಂಡರು. ಅಪ್ಪ ಬದಲಿಸಲಿಲ್ಲ. ಜಿಪುಣತನವೋ ಪ್ರೀತಿಯೋ, ಕೇಳಿದ್ದರೆ ಹೇಳುತ್ತಿರಲಿಲ್ಲ. 2021ರ ಕೇಂದ್ರದ ನಿಯಮದಂತೆ ಐವತ್ತು ವರ್ಷ ದಾಟಿದ, ಇಂಜಿನ್ನು, ಬಾಡಿ ಬದಲಾಗದ ಖಾಸಗಿ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಂತ ಬರುತ್ತದೆ. ನಮ್ಮದಕ್ಕೆ ಆ ಯೋಗ್ಯತೆ ಇದೆ. ಆದರೆ ಹಾಗೆ ಮಾಡಿಸಿದರೆ ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬೇಕು. ಕಾಫಿ ಮೂಟೆ ಹೇರುವ ಗಾಡಿಗೆ ಆ ಗೌರವ ಯಾಕೆ ಅಂತ ಸುಮ್ಮನಿದ್ದೇನೆ.

ಮೇಸ್ತ್ರಿ ಮರುದಿನ ಬೆಳಿಗ್ಗೆಯೇ ಬಂದರು. ಅಪ್ಪನ ಕಾಲದಿಂದ ಈ ಗಾಡಿ ಕೈ ಬಲ್ಲವರು. ವಯಸ್ಸಾಗಿದೆ, ಗ್ಯಾರೇಜು ಮಗನಿಗೆ ಬಿಟ್ಟಿದ್ದಾರೆ. ಹಳೇ ಪೆಟ್ರೋಲ್ ಇಂಜಿನ್ ಅಂದರೆ ಮಾತ್ರ ಎದ್ದು ಬರುತ್ತಾರೆ. ನಾನು ರೋಟರ್ ವಿಷಯ ಹೇಳುತ್ತಿದ್ದ ಹಾಗೆ, ‘ಫೈಬರ್ ಗೇರ್ ಹಲ್ಲು ಬಿಟ್ಟಿದೆ ಸಾರ್. ಮುಂದೆ ಸದ್ದು ಬರ್ತಿತ್ತಲ್ವಾ?’ ಅಂದರು.

ಬರುತ್ತಿತ್ತು. ಐಡಲಿನಲ್ಲಿ ರೇಡಿಯೇಟರ್ ಹಿಂದಿನಿಂದ ಒಂದು ಕಟಕಟ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಮಾಯ. ಬಿಟ್ಟರೆ ಮತ್ತೆ ಹಾಜರ್. ಸವೆದ ಟೈಮಿಂಗ್ ಗೇರಿನ ಸದ್ದು ಹೀಗೇ ಇರುತ್ತದೆ. ಭಾರ ಇದ್ದಾಗ ಹಲ್ಲು ಒಂದೇ ಕಡೆಗೆ ಒತ್ತಿ ನಿಲ್ಲುತ್ತದೆ, ಭಾರ ಇಲ್ಲದಾಗ ಹಿಂದೆ ಮುಂದೆ ಬಡಿಯುತ್ತದೆ. ನಾವು ವಾಟರ್ ಪಂಪ್ ಬೇರಿಂಗ್ ಇರಬೇಕು ಅಂದುಕೊಂಡು ಬೆಲ್ಟ್ ಬಿಚ್ಚಿ ನೋಡಿದ್ದೆವು. ಬೆಲ್ಟ್ ಇಲ್ಲದೆಯೂ ಸದ್ದು ಬಂದಿತ್ತು. ಕೊಯ್ಲಿನ ಸಮಯ, ಅಷ್ಟಕ್ಕೇ ನಿಂತಿತ್ತು ತನಿಖೆ.

ಬಿಚ್ಚುವ ಕೆಲಸದಲ್ಲಿ ವಿಶೇಷವೇನಿಲ್ಲ. ಇಂಜಿನ್ ಇಳಿಸಬೇಕಾಗಿಲ್ಲ ಅನ್ನುವುದೇ ದೊಡ್ಡ ಸಮಾಧಾನ. ನೀರು ಇಳಿಸಿ, ರೇಡಿಯೇಟರ್ ಮೇಲಕ್ಕೆತ್ತಿ ಪಕ್ಕಕ್ಕಿಟ್ಟೆವು. ಫ್ಯಾನ್, ಬೆಲ್ಟ್ ತೆಗೆದೆವು. ಕ್ರ್ಯಾಂಕ್ ಪುಲ್ಲಿಯ ನಟ್ ಮಾತ್ರ ಸತಾಯಿಸಿತು. ಹ್ಯಾಂಡಲ್ ಸಿಕ್ಕಿಸುವ ನಟ್ಟೇ ಅದು. ವರ್ಷಗಟ್ಟಲೆ ಅಲ್ಲಾಡಿರಲಿಲ್ಲ. ಟಾಪ್ ಗೇರಿಗೆ ಹಾಕಿ, ಬ್ರೇಕ್ ತುಳಿದು ಹಿಡಿದು, ಸಾಕೆಟ್‌ಗೆ ಉದ್ದದ ಪೈಪ್ ಸಿಕ್ಕಿಸಿ ಜಗ್ಗಿದಾಗ ಕಿರ್ ಅಂತ ಬಿಟ್ಟಿತು. ಈ ಇಂಜಿನ್ನಿನ ಮುಂದಿನ ರಬ್ಬರ್ ಮೌಂಟುಗಳು ಟೈಮಿಂಗ್ ಕವರ್ ಹಿಂದಿನ ಪ್ಲೇಟಿಗೇ ಕೂತಿರುತ್ತವೆ. ಎಣ್ಣೆ ನಿಲ್ಲುವ ತಳದ ತೊಟ್ಟಿ, ಅಂದರೆ ಸಂಪನ್ನೂ ಇಳಿಸುವುದಿತ್ತು, ಕೆಳಗೆ ಜಾಕ್ ಕೊಡುವಂತಿಲ್ಲ. ಅದಕ್ಕೇ ಶೆಡ್ಡಿನ ತೊಲೆಯಿಂದ ಚೈನ್ ಬ್ಲಾಕ್ ಇಳಿಬಿಟ್ಟು ಇಂಜಿನ್ನಿನ ಮೂತಿಯನ್ನು ಹಿಡಿದು ನಿಲ್ಲಿಸಿದ್ದೆವು.

ಕವರ್ ತೆಗೆದಾಗ ಮೇಸ್ತ್ರಿ ಹೇಳಿದ್ದೇ ನಿಜವಾಗಿತ್ತು. ಕ್ಯಾಮ್ ಗೇರ್ ಅಂದರೆ ನಡುವೆ ಉಕ್ಕಿನ ಗುಂಬ, ಸುತ್ತ ಒತ್ತಿ ಗಟ್ಟಿ ಮಾಡಿದ ನಾರಿನ ಚಕ್ರ. ಸದ್ದು ಕಡಿಮೆ ಇರಲಿ ಅಂತ ಆ ಕಾಲದಲ್ಲಿ ಹಾಗೆ ಮಾಡುತ್ತಿದ್ದರು. ಓರೆಯಾಗಿ ಕೊಯ್ದ ಹಲ್ಲುಗಳಲ್ಲಿ ಒಂದು ಕಡೆಯ ಸಾಲು ಬುಡಸಮೇತ ಹೋಗಿತ್ತು. ಉಳಿದವು ಚೂಪಾಗಿ ಸವೆದಿದ್ದವು. ಕವರಿನ ತಳದಲ್ಲಿ ಕಂದು ಬಣ್ಣದ ಚೂರುಗಳು, ನೆನೆದ ಅಡಿಕೆ ಸಿಪ್ಪೆಯ ಹಾಗೆ. ಕ್ರ್ಯಾಂಕಿನ ಉಕ್ಕಿನ ಗೇರಿಗೆ ಮೇಲ್ನೋಟಕ್ಕೆ ಏನೂ ಆಗಿರಲಿಲ್ಲ.

ಇಲ್ಲಿ ನಾನು, ಮೇಸ್ತ್ರಿ ಸ್ವಲ್ಪ ಹೊತ್ತು ವಾದ ಮಾಡಿದೆವು. ಅವರ ಪ್ರಕಾರ ಹೊಸ ಗೇರ್ ತಂದು ಹಾಕಿ ಮುಚ್ಚಿದರೆ ಸಂಜೆಗೆ ಗಾಡಿ ಸ್ಟಾರ್ಟ್. ‘ಫೈಬರ್ ಅಲ್ವಾ ಸಾರ್, ವಯಸ್ಸಾಯ್ತು, ಹೋಯ್ತು.’ ನನಗೆ ಅದು ಸರಿ ಕಾಣಲಿಲ್ಲ. ಈ ಗೇರು ಇಂಜಿನ್ನಿನ ಜೊತೆ ಹುಟ್ಟಿದ್ದಲ್ಲ. ಹಿಂದೆ ಒಮ್ಮೆ ಬೇರೊಂದು ಗ್ಯಾರೇಜಿನಲ್ಲಿ ಇಂಜಿನ್ ಕೆಲಸ ಮಾಡಿಸಿದಾಗ ಹಾಕಿದ್ದು. ಆಮೇಲೆ ಗಾಡಿ ಓಡಿದ್ದು ತೋಟದಿಂದ ಕಣಕ್ಕೆ, ಕಣದಿಂದ ಪೇಟೆಗೆ. ಅಷ್ಟಕ್ಕೆ ಹಲ್ಲು ಹೋಗಬಾರದು. ಸತ್ತಿದ್ದು ಯಾಕೆ ಅಂತ ಗೊತ್ತಾಗದೆ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ, ಅಲ್ವಾ?

ಈ ಗೇರುಗಳಿಗೆ ಎಣ್ಣೆ ಹೇಗೆ ಬರುತ್ತದೆ ಅಂತ ನೋಡಿದರೆ ಉತ್ತರ ಅಲ್ಲೇ ಇತ್ತು. ಬ್ಲಾಕಿನ ಮುಂಭಾಗಕ್ಕೆ ಒತ್ತಿ ಕೂರಿಸಿದ ಒಂದು ಪುಟ್ಟ ಆಯಿಲ್ ಜೆಟ್ ಇದೆ. ಒತ್ತಡದ ಎಣ್ಣೆ ಅದರ ತೂತಿನಿಂದ ಚಿಮ್ಮಿ, ಎರಡು ಗೇರಿನ ಹಲ್ಲು ಕೂಡುವ ಜಾಗಕ್ಕೆ ಬೀಳಬೇಕು. ಕ್ಯಾಮ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಪ್ಲೇಟಿಗೂ ಅದೇ ಎಣ್ಣೆ. ಬಟ್ಟೆಯಿಂದ ಒರೆಸಿ ಟಾರ್ಚ್ ಬಿಟ್ಟೆ. ತೂತೇ ಕಾಣಲಿಲ್ಲ. ತೆಳ್ಳನೆಯ ತಂತಿಯಿಂದ ಕೆದಕಿದಾಗ ಕಪ್ಪು ಜಿಡ್ಡಿನ ಜೊತೆ ರಬ್ಬರಿನಂಥ ಒಂದು ಚೂರು ಬಂತು. ಬೆರಳಲ್ಲಿ ಉಜ್ಜಿದೆ. ಪ್ಯಾಕಿಂಗ್ ಪೇಸ್ಟ್! ಟ್ಯೂಬಿನಿಂದ ಹಿಂಡಿ ಹಚ್ಚುತ್ತಾರಲ್ಲ, ಅದು.

ಮೇಸ್ತ್ರಿ ಆ ಚೂರನ್ನು ಕೈಗೆ ತೆಗೆದುಕೊಂಡು ನೋಡಿದರು. ಏನೂ ಹೇಳಲಿಲ್ಲ. ನೇರವಾಗಿ ಜೀಪಿನ ಕೆಳಗೆ ಹೋಗಿ ಸಂಪಿನ ಬೋಲ್ಟ್ ಬಿಚ್ಚಲು ಶುರು ಮಾಡಿದರು.

ಸಂಪಿನ ಅಂಚಿನಲ್ಲಿ ಒಳಗಡೆಗೆ ಹಿಂಡಿಕೊಂಡ ಪೇಸ್ಟ್ ದಾರದಂತೆ ಜೋತಾಡುತ್ತಿತ್ತು. ಅಲ್ಲಲ್ಲಿ ತುಂಡಾಗಿತ್ತು. ತುಂಡಾಗಿದ್ದು ಎಲ್ಲಿಗೆ ಹೋಯಿತು? ಪಂಪಿಗೆ ಎಣ್ಣೆ ಎಳೆಯುವ ಕಡೆ ಒಂದು ತೇಲುವ ಜಾಲರಿ ಇದೆ. ಅದು ದೊಡ್ಡ ಕಸ ತಡೆಯುತ್ತದೆ, ಸಣ್ಣದನ್ನು ಬಿಡುತ್ತದೆ. ಆಯಿಲ್ ಫಿಲ್ಟರ್ ಇದೆಯಲ್ಲ ಅನ್ನಬಹುದು. ಈಗಿನ ಕಾರುಗಳಲ್ಲಿ ಪಂಪಿನಿಂದ ಬಂದ ಎಣ್ಣೆಯೆಲ್ಲ ಫಿಲ್ಟರ್ ದಾಟಿಯೇ ಬೇರಿಂಗಿಗೆ ಹೋಗುತ್ತದೆ. ಈ ಜೀಪಿನದು ಬೈಪಾಸ್ ಫಿಲ್ಟರ್. ಎಣ್ಣೆಯ ಒಂದು ಪಾಲು ಮಾತ್ರ ಅದರೊಳಗೆ ಸುತ್ತಾಡಿ ಸಂಪಿಗೆ ವಾಪಸ್ ಬರುತ್ತದೆ. ಉಳಿದದ್ದು ಸೋಸದೆಯೇ ನೇರ ಗ್ಯಾಲರಿಗೆ, ಅಂದರೆ ಬ್ಲಾಕಿನೊಳಗಿನ ಎಣ್ಣೆ ದಾರಿಗೆ. ಹಾಗೆ ಹೋದ ಒಂದು ಚೂರಿಗೆ ಆ ಸಣ್ಣ ಜೆಟ್ಟಿನ ಬಾಯಿ ಸಿಕ್ಕಿದೆ.

ಇದರಲ್ಲಿ ಮೋಸ ಏನೆಂದರೆ ಡ್ಯಾಶ್‌ಬೋರ್ಡಿನಲ್ಲಿ ಏನೂ ತಿಳಿಯುವುದಿಲ್ಲ. ಜೆಟ್ಟಿನ ತೂತು ಅಷ್ಟು ಸಣ್ಣದು, ಅದು ಮುಚ್ಚಿದರೂ ಆಯಿಲ್ ಪ್ರೆಷರ್ ಮುಳ್ಳು ಎಂದಿನಂತೆ ನಿಲ್ಲುತ್ತದೆ. ನಾನು ದಿನಾ ಆ ಮುಳ್ಳು ನೋಡಿಯೇ ಗಾಡಿ ಎತ್ತುತ್ತಿದ್ದೆ. ಮುಂದೆ ಗೇರ್ ಮಾತ್ರ ಒಣಗಿಕೊಂಡು ತಿರುಗುತ್ತಿತ್ತು.

ನಾರಿನ ಚೂರುಗಳು ಜಾಲರಿಯ ತುಂಬ ಮೆತ್ತಿದ್ದವು. ಜಾಲರಿ, ಸಂಪು ಎರಡನ್ನೂ ಡೀಸೆಲಿನಲ್ಲಿ ತೊಳೆದೆವು. ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತೆ? ಆಯಿಲ್ ಪಂಪ್ ಈ ಇಂಜಿನ್ನಿನಲ್ಲಿ ಹೊರಗಡೆಯೇ ಇರುವುದರಿಂದ ಅದನ್ನೂ ಬಿಚ್ಚಿ ನೋಡುವ ಮನಸ್ಸಾಗಿತ್ತು. ಬೇಡ ಅಂದರು ಮೇಸ್ತ್ರಿ. ಪಂಪ್ ಎಳೆದರೆ ಡಿಸ್ಟ್ರಿಬ್ಯೂಟರ್ ಕೂರುವ ಲೆಕ್ಕ ತಪ್ಪುತ್ತದೆ, ಆಮೇಲೆ ಅದನ್ನು ಹುಡುಕುತ್ತಾ ಕೂರಬೇಕು. ಪಂಪಿನ ಮುಚ್ಚಳ ಮಾತ್ರ ತೆಗೆದು ಒಳಗೆ ಗೀರು ಬಿದ್ದಿಲ್ಲ ಅಂತ ನೋಡಿ ಮುಚ್ಚಿದೆವು. ವಾಲ್ವ್‌ಗೆ ಏನಾದರೂ ಆಗಿದೆಯಾ ಅನ್ನುವ ಭಯವೂ ಇತ್ತು. ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ ಪಕ್ಕಕ್ಕಿರುವುದರಿಂದ ಪಿಸ್ಟನ್ ಅದಕ್ಕೆ ತಾಗುವ ಮಾತೇ ಇಲ್ಲ. ಕ್ಯಾಮಿನ ತಳ್ಳನ್ನು ರಾಕರ್‌ಗೆ ಮುಟ್ಟಿಸುವ ಇನ್‌ಟೇಕಿನ ಪುಶ್ ರಾಡ್‌ಗಳನ್ನು ತೆಗೆದು ಕನ್ನಡಿಯ ಮೇಲೆ ಉರುಳಿಸಿದೆವು. ಎಲ್ಲವೂ ನೆಟ್ಟಗಿದ್ದವು.

ಹಳೇ ಗೇರು ತೆಗೆಯಲು ಎರಡು ಕಾಲಿನ ಪುಲ್ಲರ್ ಸಾಕಾಯಿತು. ಕ್ಯಾಮ್ ಗೇರನ್ನು ಹಿಡಿದಿರುವುದು ಒಂದೇ ಬೋಲ್ಟು, ಅದರಡಿ ಒಂದು ದಪ್ಪ ವಾಷರ್. ಕ್ರ್ಯಾಂಕ್ ಗೇರ್ ಎಳೆಯುವಾಗ ಮಾತ್ರ ಹುಷಾರಾಗಿರಬೇಕು. ಅದರ ಹಿಂದೆ ಶಿಮ್ ಅನ್ನುವ ತೆಳ್ಳನೆಯ ಲೋಹದ ಬಿಲ್ಲೆಗಳಿವೆ. ಕ್ರ್ಯಾಂಕ್ ಹಿಂದೆ ಮುಂದೆ ಎಷ್ಟು ಆಡಬೇಕು ಅನ್ನುವುದನ್ನು ಅವೇ ತೀರ್ಮಾನಿಸುವುದು. ಅವುಗಳಲ್ಲಿ ಒಂದು ಎಣ್ಣೆಗೆ ಅಂಟಿಕೊಂಡು ಗೇರಿನ ಜೊತೆ ಬಂದು, ಗುಜರಿಗೆ ಹೋಗಿಬಿಟ್ಟರೆ ಕಥೆ ಮುಗಿಯಿತು. ಎಣಿಸಿ, ಒರೆಸಿ, ಒಂದು ಡಬ್ಬಿಗೆ ಹಾಕಿಟ್ಟೆ.

ಇನ್ನು ಗೇರಿನ ಬೇಟೆ.

ನನಗೆ ಫೈಬರ್ ಬೇಕಿತ್ತು. ಮೂಲದಲ್ಲಿ ಇದ್ದದ್ದು ಅದು, ಸದ್ದು ಕಡಿಮೆ. ಮುರಿದರೂ ಉಕ್ಕಿನ ಗೇರನ್ನು, ಕ್ಯಾಮನ್ನು ಹಾಳು ಮಾಡುವುದಿಲ್ಲ, ತಾನು ಮಾತ್ರ ಸಾಯುತ್ತದೆ. ಮೇಸ್ತ್ರಿಯದು ಅಲ್ಯೂಮಿನಿಯಂ ಪಕ್ಷ. ‘ನಿಮ್ಮ ಅಪ್ಪಾಜಿಗೂ ಆಗ್ಲೇ ಹೇಳಿದ್ದೆ, ಅಲ್ಯೂಮಿನಿಯಂ ಹಾಕ್ಸಿ ಅಂತ. ಸ್ವಲ್ಪ ಕೊಂಯ್ ಅನ್ನುತ್ತೆ, ಅಷ್ಟೇ. ಆಮೇಲೆ ನೋಡೋದೇ ಬೇಡ.’ ಹಾಕಿಸಿದ ಮೇಲೆ ನೋಡದೇ ಇರುವುದು ಅನ್ನುವ ಮಾತೇ ನನಗೆ ಇಷ್ಟವಾಗಲಿಲ್ಲ. ಬೆಂಗಳೂರಿಗೆ ಹೊರಟೆ.

ಜೆ.ಸಿ. ರಸ್ತೆಯಲ್ಲಿ ಹಳೇ ಜೀಪಿನ ಸಾಮಾನು ಇಡುವ ಅಂಗಡಿಗಳು ಇನ್ನೂ ಇವೆ. ಗಲ್ಲಿಯೊಳಗೆ ಹೋಗಬೇಕು. ಒಬ್ಬರು ಮೇಲಿನ ಅಟ್ಟದಿಂದ ಬಣ್ಣ ಮಾಸಿದ ಒಂದು ಡಬ್ಬಿ ಇಳಿಸಿದರು. ಒಳಗೆ ಎಣ್ಣೆ ಕಾಗದದಲ್ಲಿ ಸುತ್ತಿದ ಫೈಬರ್ ಗೇರ್. ಎಂದೂ ಬಳಸದ ಹಳೇ ದಾಸ್ತಾನು. ನನಗೆ ಖುಷಿಯೋ ಖುಷಿ. ಬಿಸಿಲಿಗೆ ಹಿಡಿದು ನೋಡಿದರೆ ಉಕ್ಕಿನ ಗುಂಬ ನಾರಿಗೆ ಸೇರುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು, ಅರ್ಧ ಸುತ್ತು. ಇಂಥ ಗೇರು ಡಬ್ಬಿಯಲ್ಲಿ ಕೂತೇ ಮುದಿಯಾಗುತ್ತದೆ. ತೇವ ಕುಡಿಯುತ್ತದೆ, ಒಣಗುತ್ತದೆ, ಪದರ ಬಿಡುತ್ತದೆ. ಹೊಸದು ಅನ್ನುವುದು ಡಬ್ಬಿಗೆ ಮಾತ್ರ ಅನ್ವಯ. ಬೇಡ ಅಂದೆ. ಅಂಗಡಿಯವರಿಗೆ ಬೇಜಾರಾಯಿತು.

ಇನ್ನೊಂದು ಕಡೆ ಚೈನ್ ಹಾಕುವ ಸ್ಪ್ರಾಕೆಟ್ ಜೋಡಿ ತೋರಿಸಿ ‘ವಿಲ್ಲೀಸ್‌ದೇ ಸಾರ್’ ಅಂದರು. ವಿಲ್ಲೀಸ್‌ದೇ ನಿಜ. ಯುದ್ಧಕಾಲದ ಮೊದಮೊದಲ ಜೀಪುಗಳಲ್ಲಿ ಟೈಮಿಂಗ್ ಚೈನ್ ಇತ್ತು, ಗೇರ್ ಬಂದದ್ದು ಆಮೇಲೆ. ನಮ್ಮದಕ್ಕೆ ಅದು ಕೂರುವುದಿಲ್ಲ. ಕೊನೆಗೆ ಈಗಿನ ಕಾಲದಲ್ಲಿ ತಯಾರಾದ ಫೈಬರ್ ಗೇರೊಂದು ಸಿಕ್ಕಿತು. ಬಿರುಕಿಲ್ಲ, ಹಲ್ಲು ನುಣುಪಾಗಿದೆ. ಮನಸ್ಸಿಗೆ ಒಪ್ಪಿತು. ಮಾಪನಕ್ಕೆ ಒಪ್ಪಲಿಲ್ಲ.

ಹಲ್ಲು ಹಲ್ಲಿನ ನಡುವಿನ ಸಡಿಲಕ್ಕೆ ಬ್ಯಾಕ್‌ಲ್ಯಾಶ್ ಅಂತಾರೆ. ಈ ಇಂಜಿನ್ನಿನ ಸರ್ವಿಸ್ ಮ್ಯಾನುಯಲ್ ಪ್ರಕಾರ ಅದು ಸೊನ್ನೆಯಿಂದ ಎರಡು ಥೌ ಒಳಗಿರಬೇಕು. ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು. ಎರಡು ಥೌ ಅಂದರೆ 0.05 ಮಿಲಿಮೀಟರ್. ಕೈಯಲ್ಲಿ ಅಲ್ಲಾಡಿಸಿದರೆ ಗೊತ್ತೇ ಆಗುವುದಿಲ್ಲ. ಮೇಸ್ತ್ರಿಗೆ ಗೊತ್ತಾಗುತ್ತೆ ಅಂತ ಅವರ ವಾದ. ಆದರೂ ಪರಿಚಯದ ಲೇತ್ ವರ್ಕ್‌ಶಾಪಿನಿಂದ ಡಯಲ್ ಗೇಜನ್ನು ಅದರ ಮ್ಯಾಗ್ನೆಟ್ ಸ್ಟ್ಯಾಂಡ್ ಸಮೇತ ಎರವಲು ತಂದಿದ್ದೆ. ಗೇರನ್ನು ಹಾಕಿ, ಗೇಜಿನ ಮೂತಿಯನ್ನು ಹಲ್ಲಿಗೆ ತಾಗಿಸಿ, ಹಿಂದೆ ಮುಂದೆ ಆಡಿಸಿ ನೋಡಿದೆವು. ಒಂದು ಥೌ. ಭೇಷ್ ಅನ್ನಿಸಿತು. ಕ್ರ್ಯಾಂಕನ್ನು ಅರ್ಧ ಸುತ್ತು ತಿರುಗಿಸಿ, ಅಂದರೆ ಕ್ಯಾಮ್ ಗೇರಿನ ಕಾಲು ಸುತ್ತು, ಮತ್ತೆ ನೋಡಿದೆವು. ಮೂರು ಥೌ. ಇನ್ನೂ ಕಾಲು ಸುತ್ತಿಗೆ ಐದು. ಮತ್ತೆ ಮೂರು. ಮೊದಲ ಜಾಗಕ್ಕೆ ಬಂದರೆ ಮತ್ತೆ ಒಂದು.

ಹಲ್ಲು ಚೆನ್ನಾಗಿಯೇ ಕೊಯ್ದಿದ್ದರು. ಆದರೆ ನಡುವಿನ ತೂತು ನಡುವಿನಲ್ಲಿರಲಿಲ್ಲ. ಗೇರು ಕ್ಯಾಮಿನ ಮೇಲೆ ಓಲಾಡುತ್ತಾ ತಿರುಗುತ್ತದೆ. ಒಂದೇ ಕಡೆ ಅಳೆದಿದ್ದರೆ ಇದು ಪಾಸ್ ಆಗಿಬಿಡುತ್ತಿತ್ತು. ಹೀಗೆ ಹಾಕಿ ಓಡಿಸಿದರೆ ಸುತ್ತಿಗೊಮ್ಮೆ ಬಿಗಿ, ಸುತ್ತಿಗೊಮ್ಮೆ ಸಡಿಲ. ಬಿಗಿ ಇರುವ ಕಡೆ ಹಲ್ಲು ಬಿಸಿಯಾಗಿ ಸವೆಯುತ್ತದೆ, ಸಡಿಲ ಇರುವ ಕಡೆ ಬಡಿಯುತ್ತದೆ. ಮೇಸ್ತ್ರಿ ಗೇಜಿನ ಮುಳ್ಳನ್ನೇ ನೋಡುತ್ತಾ ಕೂತಿದ್ದರು. ‘ಇದನ್ನ ಇಲ್ಲೇ ಬಿಟ್ಟು ಹೋಗಿ ಸಾರ್, ನನ್ನ ಮಗನಿಗೂ ತೋರಿಸ್ಬೇಕು’ ಅಂದರು.

ಅಷ್ಟರಲ್ಲಿ ನನ್ನ ಫೈಬರ್ ಮೋಹವೂ ಇಳಿದಿತ್ತು. ನಾರೋ ಲೋಹವೋ ಅನ್ನುವ ಜಗಳಕ್ಕಿಂತ, ಸರಿಯಾಗಿ ಕೊಯ್ದಿದ್ದಾರೋ ಇಲ್ಲವೋ ಅನ್ನುವುದು ದೊಡ್ಡ ಪ್ರಶ್ನೆ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಅಲ್ಯೂಮಿನಿಯಂ ಕ್ಯಾಮ್ ಗೇರು, ಅದರ ಜೊತೆಯದೇ ಉಕ್ಕಿನ ಕ್ರ್ಯಾಂಕ್ ಗೇರು, ಜೋಡಿಯಾಗಿ ತಂದೆ. ಹಳೇ ಕ್ರ್ಯಾಂಕ್ ಗೇರು ಕಣ್ಣಿಗೆ ಚೆನ್ನಾಗಿತ್ತು, ನಿಜ. ಆದರೆ ಸವೆದ ಹಲ್ಲಿನ ಜೊತೆ ವರ್ಷಗಟ್ಟಲೆ ತಿರುಗಿದ ಗೇರಿಗೆ ಹೊಸ ಜೋಡಿ ಕಟ್ಟುವುದು ಬೇಡ ಅನ್ನಿಸಿತು. ಈ ಸಲ ಗೇಜು ಎಲ್ಲ ಕಡೆ ಒಂದರಿಂದ ಎರಡು ಥೌ ನಡುವೆಯೇ ಆಡಿತು.

ಕೂರಿಸುವ ಮುಂಚೆ ಇನ್ನೊಂದು ಅಳತೆ ಬಾಕಿ ಇತ್ತು. ಓರೆ ಹಲ್ಲಿನ ಗೇರು ತಿರುಗುವಾಗ ಕ್ಯಾಮ್ ಶಾಫ್ಟನ್ನು ಉದ್ದಕ್ಕೆ ತಳ್ಳುತ್ತದೆ. ಅದನ್ನು ತಡೆಯಲು ಬ್ಲಾಕಿಗೆ ಸ್ಕ್ರೂ ಹಾಕಿದ ಥ್ರಸ್ಟ್ ಪ್ಲೇಟ್ ಇದೆ, ಅದರ ನಡುವೆ ಒಂದು ಸ್ಪೇಸರ್ ರಿಂಗ್. ಕ್ಯಾಮ್ ಹಿಂದೆ ಮುಂದೆ ನಾಲ್ಕರಿಂದ ಏಳು ಥೌ ಆಡಬೇಕು. ಇದನ್ನು ಮೊದಲೇ ಲೆಕ್ಕ ಹಾಕುವ ಸುಲಭದ ದಾರಿ ಇದೆ. ಪ್ಲೇಟಿನ ದಪ್ಪ, ಸ್ಪೇಸರಿನ ದಪ್ಪ ಎರಡನ್ನೂ ಮೈಕ್ರೋಮೀಟರಿನಿಂದ ಅಳೆಯಿರಿ. ಸ್ಪೇಸರು ಪ್ಲೇಟಿಗಿಂತ ಸುಮಾರು ಆರು ಥೌ ದಪ್ಪ ಇರಬೇಕು. ನಮ್ಮದು ಹತ್ತು ಬಂತು. ಎಣ್ಣೆ ಇಲ್ಲದೆ ಗೇರಿನ ಜೊತೆ ಪ್ಲೇಟೂ ಸವೆದಿತ್ತು. ಅದರ ಮೇಲೆ ಉಗುರು ತಾಗುವಷ್ಟು ಗೀರುಗಳು. ಹೊಸ ಪ್ಲೇಟ್ ಹಾಕಿದಾಗ ಐದೂವರೆ ಆಸುಪಾಸಿಗೆ ಬಂತು. ಪೇಸ್ಟಿನ ಆ ಒಂದು ಚೂರು ಎಷ್ಟು ಕೆಲಸ ಮಾಡಿತ್ತು ನೋಡಿ.

ಕ್ರ್ಯಾಂಕ್ ಗೇರನ್ನು ಶಿಮ್‌ಗಳ ಮೇಲೆ, ಗೇರು ಜಾರದಂತೆ ಹಿಡಿಯುವ ಲೋಹದ ಕೀಗೆ ಸರಿಯಾಗಿ, ಪೈಪಿನ ತುಂಡಿಟ್ಟು ತಟ್ಟಿ ಕೂರಿಸಿದೆವು. ಕ್ಯಾಮ್ ಗೇರಿಗೆ ಮಾತ್ರ ಸುತ್ತಿಗೆ ಮುಟ್ಟಿಸಬಾರದು. ಇದು ಬಹಳ ಜನರಿಗೆ ಗೊತ್ತಿಲ್ಲ. ಮುಂದಿನಿಂದ ಹೊಡೆದರೆ ಕ್ಯಾಮ್ ಶಾಫ್ಟ್ ಹಿಂದಕ್ಕೆ ಸರಿದು, ಬ್ಲಾಕಿನ ಹಿಂಬದಿಯಲ್ಲಿರುವ ಮುಚ್ಚಳದ ಬಿಲ್ಲೆಯನ್ನು ಒದ್ದು ಹೊರಹಾಕುತ್ತದೆ. ಆಮೇಲೆ ಅಲ್ಲಿಂದ ಎಣ್ಣೆ ಸೋರುತ್ತದೆ. ಅದನ್ನು ಸರಿ ಮಾಡಲು ಗೇರ್ ಬಾಕ್ಸೇ ಇಳಿಸಬೇಕು. ಹಾಗಾಗಿ ಕ್ಯಾಮಿನ ಕೀ ಕೂರಿಸಿ, ಗೇರನ್ನು ಕೈಯಲ್ಲಿ ಹಿಡಿಸಿ, ಮುಂದಿನ ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೋಗಬೇಕು. ಬೋಲ್ಟೇ ಗೇರನ್ನು ಒಳಗೆ ಎಳೆದುಕೊಳ್ಳುತ್ತದೆ. ಕೊನೆಯ ಬಿಗಿ 30ರಿಂದ 40 ಅಡಿ-ಪೌಂಡ್.

ಬಿಗಿಯುವ ಮೊದಲು ಎರಡೂ ಗೇರಿನ ಗುರುತಿನ ಚುಕ್ಕೆ ಎದುರುಬದುರು ಬರಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುವುದೇ. ಗೇರ್ ಒಳಗೆ ಸರಿಯುವಾಗ ಓರೆ ಹಲ್ಲಿನಿಂದಾಗಿ ಸ್ವಲ್ಪ ತಿರುಗುತ್ತದೆ. ಚುಕ್ಕೆ ಜಾರಿ ಪಕ್ಕದ ಹಲ್ಲಿಗೆ ಹೋಯಿತೇನೋ ಅನ್ನಿಸುತ್ತದೆ. ಪೂರ್ತಿ ಕೂತ ಮೇಲೆ ನೋಡಿದರೆ ಸರಿಯಾಗಿಯೇ ಇರುತ್ತದೆ. ನಾನು ಅಲ್ಲಿಗೆ ನಿಲ್ಲಿಸುತ್ತಿದ್ದೆ. ಮೇಸ್ತ್ರಿ ಒಂದನೇ ಸಿಲಿಂಡರಿನ ಇನ್‌ಟೇಕ್ ರಾಕರ್ ಮೇಲೆ ಬೆರಳಿಟ್ಟು, ನನ್ನ ಕೈಯಲ್ಲಿ ಕ್ರ್ಯಾಂಕ್ ತಿರುಗಿಸಿದರು. ಪಿಸ್ಟನ್ ಪೂರ್ತಿ ಮೇಲೆ ಬರುವ 9 ಡಿಗ್ರಿ ಮೊದಲು ಇನ್‌ಟೇಕ್ ತೆರೆಯಲು ಶುರುವಾಗಬೇಕು. ಅವರು ಡಿಗ್ರಿ ಲೆಕ್ಕ ಇಟ್ಟವರಲ್ಲ. ‘ಈಗ’ ಅಂದರು. ಪಿಸ್ಟನ್ ಹತ್ತಿರ ಹತ್ತಿರ ಮೇಲಿತ್ತು. ಒಂದು ಹಲ್ಲು ಹೆಚ್ಚುಕಮ್ಮಿ ಆಗಿದ್ದರೆ ಅವರ ಬೆರಳಿಗೆ ತಿಳಿಯುತ್ತಿತ್ತು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಕವರ್ ಮುಚ್ಚುವ ಮೊದಲು ಜೆಟ್ ಪರೀಕ್ಷೆ. ಇದು ನನ್ನ ಹಠ. ಸಂಪನ್ನು ಅರೆಬರೆ ಬಿಗಿದು, ಹೊಸ ಎಣ್ಣೆ ಸುರಿದು, ಪ್ಲಗ್ ನಾಲ್ಕನ್ನೂ ಬಿಚ್ಚಿ, ಮುಂದೆ ಅಗಲದ ತಗಡು, ಹಳೇ ಗೋಣಿಚೀಲ ಹಾಸಿ ಸೆಲ್ಫ್ ಹೊಡೆದೆವು. ಮೊದಲು ಏನೂ ಇಲ್ಲ. ಪ್ರೆಷರ್ ಮುಳ್ಳು ನಿಧಾನಕ್ಕೆ ಎದ್ದಿತು. ಅದರ ಹಿಂದೆಯೇ ಜೆಟ್ಟಿನಿಂದ ಸಣ್ಣಗೆ ಎಣ್ಣೆ ಚಿಮ್ಮಿ, ಎರಡು ಗೇರು ಕೂಡುವ ಜಾಗಕ್ಕೇ ಬಿತ್ತು. ನನ್ನ ಶರ್ಟಿಗೂ ಬಿತ್ತು. ಈ ಕೆಲಸ ಮಾಡಿಸುವವರು ಯಾರೇ ಆಗಲಿ, ಇದನ್ನು ಕಣ್ಣಾರೆ ನೋಡದೆ ಕವರ್ ಮುಚ್ಚಲು ಬಿಡಬೇಡಿ.

ಮುಚ್ಚುವಾಗ ಮೇಸ್ತ್ರಿ ಪೇಸ್ಟಿನ ಟ್ಯೂಬ್ ತೆಗೆಯಲೇ ಇಲ್ಲ. ಕಾಗದದ ಪ್ಯಾಕಿಂಗಿಗೆ ಎರಡೂ ಕಡೆ ಗ್ರೀಸ್ ಸವರಿದರು. ಕವರು, ಸಂಪು ಸೇರುವ ಎರಡು ಮೂಲೆಗೆ ಮಾತ್ರ ಬೆರಳ ತುದಿಯಷ್ಟು ಪೇಸ್ಟ್ ಮುಟ್ಟಿಸಿದರು. ಕವರಿಗೆ ಹೊಸ ಆಯಿಲ್ ಸೀಲ್ ಹಾಕಿದೆವು. ಪುಲ್ಲಿಯ ಕತ್ತಿನಲ್ಲಿ ಹಳೇ ಸೀಲ್ ಕೊರೆದ ಗೆರೆ ಇತ್ತು, ಲೇತಿನಲ್ಲಿ ತಿಕ್ಕಿಸಿ ನುಣುಪು ಮಾಡಿಸಿದ್ದೆ. ಕ್ರ್ಯಾಂಕ್ ಗೇರಿನ ಮುಂದೆ ಎಣ್ಣೆ ಎರಚುವ ತಟ್ಟೆಯೊಂದು ಬರುತ್ತದೆ. ಸೀಲಿನ ಮೇಲೆ ಎಣ್ಣೆ ನುಗ್ಗದಂತೆ ತಡೆಯುವುದು ಅದರ ಕೆಲಸ. ಬಿಚ್ಚಿದವರೆಲ್ಲ ಅದನ್ನು ವಾಪಸ್ ಹಾಕುವುದಿಲ್ಲ. ಎಷ್ಟೋ ಜೀಪುಗಳ ಮುಂದಿನ ಸೋರಿಕೆಗೆ ಅದೇ ಕಾರಣ.

ಡಿಸ್ಟ್ರಿಬ್ಯೂಟರನ್ನು ಮುಟ್ಟಿರಲಿಲ್ಲವಾದ್ದರಿಂದ ಇಗ್ನಿಷನ್ ಟೈಮಿಂಗ್ ಬೇಗ ಮುಗಿಯಿತು. ಪಾಯಿಂಟ್ ಗ್ಯಾಪ್ 20 ಥೌ, ಕಿಡಿ ಟಾಪ್ ಸೆಂಟರಿಗೆ, ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬರುವುದಕ್ಕೆ, 5 ಡಿಗ್ರಿ ಮೊದಲು. ಟ್ಯಾಪೆಟ್ಟನ್ನೂ, ಅಂದರೆ ವಾಲ್ವ್‌ಗಳ ಸಡಿಲವನ್ನೂ ತಣ್ಣಗಿದ್ದಾಗಲೇ ನೋಡಿದೆವು, ಇನ್‌ಟೇಕ್ 18 ಥೌ, ಎಕ್ಸಾಸ್ಟ್ 16. ಎಕ್ಸಾಸ್ಟಿನದು ಬ್ಲಾಕಿನ ಪಕ್ಕದ ಕವರ್ ತೆಗೆದು, ಮ್ಯಾನಿಫೋಲ್ಡ್ ಕೆಳಗೆ ಕೈ ತೂರಿಸಿ ಮಾಡುವ ಕೆಲಸ. ಅದರ ಬಗ್ಗೆ ಜಾಸ್ತಿ ಹೇಳದಿರುವುದೇ ಒಳ್ಳೆಯದು.

ಇಂಜಿನ್ ಮೊದಲ ಸೆಲ್ಫಿಗೇ ಹಿಡಿಯಿತು. ಮೇಸ್ತ್ರಿ ಹೇಳಿದ ಕೊಂಯ್ ಸದ್ದು ಇದೆ. ಎರಡನೇ ಗೇರಿನಲ್ಲಿ ಏರು ಹತ್ತುವಾಗ ಚೆನ್ನಾಗಿ ಕೇಳುತ್ತದೆ. ಮನೆಯವಳಿಗೆ ಅದು ಬಸ್ಸಿನ ಸದ್ದು. ಮೇಸ್ತ್ರಿಗೆ ಸಂಗೀತ. ನನಗೆ ಈಗ ಅಭ್ಯಾಸವಾಗಿದೆ. ಮುಂಚಿನ ಕಟಕಟ ಹೋಗಿರುವುದು ಮುಖ್ಯ. ಸುಮಾರು ಇನ್ನೂರು ಕಿಲೋಮೀಟರ್ ಓಡಿಸಿ ಎಣ್ಣೆ ಇಳಿಸಿ, ತೆಳು ಬಟ್ಟೆಯಲ್ಲಿ ಸೋಸಿ ನೋಡಿದೆ. ಗ್ಯಾಲರಿಯೊಳಗೆ ಅಡಗಿದ್ದ ನಾರಿನ ಕೆಲವು ಎಳೆಗಳು ಬಂದವು, ಲೋಹದ ಪುಡಿ ಇರಲಿಲ್ಲ. ಮುಂದಿನ ಸಲ ಎಣ್ಣೆ ಬದಲಿಸಿದಾಗ ಎಳೆಗಳೂ ಇರಲಿಲ್ಲ.

ಗೇರ್ ಬಾಕ್ಸಿನ ಕೆಳಗೆ ಮಾತ್ರ ಒಂದೊಂದು ಹನಿ ಬೀಳುತ್ತಿತ್ತು. ಕ್ಯಾಮಿನ ಹಿಂದಿನ ಬಿಲ್ಲೆ ಸರಿದಿದೆಯಾ ಅಂತ ಮೊದಲು ಗಾಬರಿಯಾಯಿತು. ಮೇಸ್ತ್ರಿ ಕೆಳಗೆ ಮಲಗಿ ನೋಡಿ ಬಂದು, ಇದು ಹಿಂದಿನ ಮೇನ್ ಬೇರಿಂಗಿನ ಸೀಲು, ನಿಮ್ಮ ಅಪ್ಪಾಜಿ ಇದ್ದಾಗಿನಿಂದಲೂ ಸೋರುತ್ತಿದೆ ಅಂದರು. ಅದಕ್ಕೆ ಇಂಜಿನ್ ಇಳಿಸಬೇಕು. ಈ ಕೊಯ್ಲು ಮುಗಿಯಲಿ ಅಂತ ಕೆಳಗೊಂದು ತಗಡಿನ ಡಬ್ಬಿ ಇಟ್ಟಿದ್ದೇವೆ.